ನೆಗೆಣ್ಣಿಯ ಹೂವಿನ ಪಲಾಜೊ

ಮೈದುನನ ಮದುವೆಯಾಗಿ ಇನ್ನೂ ವಾರ ತುಂಬಿರಲಿಲ್ಲ. ಸೇಡಂನ ನಮ್ಮ ಮನೆಯ ಬಾಗಿಲಿಗೆ ಕಟ್ಟಿದ ಮಾವಿನ ತೋರಣ ಒಣಗಿ ಸುರುಳಿಯಾಗಿತ್ತು. ಬೆಳಗಿನ ಹೊತ್ತು. ನಾನು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಪಡಸಾಲೆಯಲ್ಲಿ ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಹರಳು ಆರಿಸುತ್ತಿದ್ದರು. ಆಗ ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಸ್ನಾನ ಮುಗಿಸಿ ಕೋಣೆಯಿಂದ ಹೊರಗೆ ಬಂದಳು.

ಮೇಲೆ ಬಿಳಿಯ ಗಿಡ್ಡ ಕುರ್ತಿ. ಕೆಳಗೆ ಸಾಸಿವೆ ಹಳದಿಯ ಮೇಲೆ ಅಂಗೈಯಗಲದ ಕೆಂಪು ಹೂಗಳಿದ್ದ ಪಲಾಜೊ. ಒಂದೊಂದು ಕಾಲೂ ಲಂಗದಷ್ಟು ಅಗಲ. ಅವಳು ನಡೆದಾಗಲೆಲ್ಲ ಹೂಗಳು ಮಡಿಕೆಯೊಳಗೆ ಮುಚ್ಚಿಕೊಂಡು ಮತ್ತೆ ತೆರೆದುಕೊಳ್ಳುತ್ತಿದ್ದವು. ತಲೆಯ ಮೇಲೆ ಸೆರಗಿಲ್ಲ, ಹೆಗಲ ಮೇಲೆ ಓಢಣಿಯೂ ಇಲ್ಲ.

ಈಗ ನೋಡು ಎಂದುಕೊಂಡೆ. ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ಕಿವಿಯನ್ನು ಪಡಸಾಲೆಗೆ ಕೊಟ್ಟು ಕುಳಿತೆ. ಇದ್ದದ್ದನ್ನು ಇದ್ದ ಹಾಗೆ ಹೇಳುವುದಾದರೆ, ಅವಳಿಗೆ ಒಂದು ಮಾತು ಬೀಳಲಿ ಎಂದೇ ಕಾಯುತ್ತಿದ್ದೆ.

ಅತ್ತೆ ತಲೆಯೆತ್ತಿದರು. ಕನ್ನಡಕ ಸರಿಮಾಡಿಕೊಂಡು ಮೇಲಿಂದ ಕೆಳಗಿನವರೆಗೆ ನೋಡಿದರು.

"ಎಷ್ಟು ಚೆಂದ ಕಾಣತದಲ್ಲ ಯವ್ವಾ. ಹೂವು ಭಾಳ ದೊಡ್ಡವು ಅವ. ಎಲ್ಲಿ ತಗೊಂಡಿ?"

"ಶಹಾಬಾದದಾಗೇ ಅತ್ತಿ. ನಮ್ಮ ಮನಿ ಬಾಜೂಕೇ ಅಂಗಡಿ ಅದ."

"ಕಾಲಿಗೆ ಥಂಡ ಇರತದೇನು?"

"ಭಾಳ ಥಂಡ ಇರತದ್ರಿ. ಬ್ಯಾಸಗ್ಯಾಗ ಇದರಷ್ಟು ಸುಖ ಯಾವದೂ ಇಲ್ಲ."

ಇಬ್ಬರೂ ನಕ್ಕರು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಹೊತ್ತಿ ವಾಸನೆ ಪಡಸಾಲೆಗೂ ಹೋಯಿತು. "ಏ, ರೊಟ್ಟಿ ಸೀಯಾಕತ್ತದ, ಎಲ್ಲಿ ಅದ ನಿನ್ನ ಲಕ್ಷ್ಯ?" ಎಂದು ಅತ್ತೆ ಒಳಗೆ ಮುಖ ಹಾಕಿ ಗದರಿದರು. ಅವತ್ತಿನ ಬೈಗುಳ ಬಂದದ್ದು ನನಗೇ.

ನಾನು ಸುಲೇಪೇಟದವಳು. ಮದುವೆಯಾಗಿ ಈ ಮನೆಗೆ ಬರುವಾಗ ಪೆಟ್ಟಿಗೆಯಲ್ಲಿ ಎರಡು ಚೂಡಿದಾರ ತಂದಿದ್ದೆ. ಒಂದನ್ನು ನಾನೇ ಹೊಲಿದಿದ್ದೆ. ಕೊರಳಿಗೆ ಸಣ್ಣ ಕನ್ನಡಿ ಕೂಡಿಸಿದ್ದೆ. ಆಗ ಮಾವ ಇದ್ದರು, ಮಾವನ ಅಕ್ಕನೂ ನಮ್ಮ ಮನೆಯಲ್ಲೇ ಇದ್ದರು. ಎರಡನೆಯ ವಾರ ನಾನು ಆ ಚೂಡಿದಾರ ಹಾಕಿಕೊಳ್ಳಲೆಂದು ಹೊರಗೆ ತೆಗೆದಿಟ್ಟಾಗ, ಅತ್ತೆ ಅಡುಗೆಮನೆಗೆ ಕರೆದು ಮೆಲ್ಲನೆ ಹೇಳಿದ್ದರು: "ನಮ್ಮ ಮನ್ಯಾಗ ಸೊಸೆದೇರು ಸೀರಿನೇ ಉಡತಾರ." ದನಿ ಏರಿಸಿರಲಿಲ್ಲ, ಸಿಟ್ಟೂ ಇರಲಿಲ್ಲ. ಆದರೆ ಮರುಮಾತಿಗೆ ಜಾಗವಿರಲಿಲ್ಲ. ಆ ವರ್ಷದ ಪಂಚಮಿಗೆ ತವರಿಗೆ ಹೋದಾಗ ಎರಡನ್ನೂ ತಂಗಿಗೆ ಕೊಟ್ಟು ಬಂದೆ.

ಅಲ್ಲಿಂದ ಹತ್ತಿರ ಹತ್ತಿರ ಹತ್ತು ವರ್ಷ ಸೀರೆಯಲ್ಲೇ ಕಳೆದವು. ಅಂಗಳ ಗುಡಿಸುವಾಗ ಸೀರೆ, ಮಾಳಿಗೆಗೆ ಬೇಳೆ ಒಣಹಾಕಲು ಹತ್ತುವಾಗ ಸೀರೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ತುಳಿಯುವಾಗಲೂ ಸೀರೆ. ನಾನು ಓಣಿಯ ಹೆಂಗಸರಿಗೆ ಸೀರೆಯ ಮೇಲಿನ ಜಂಪರ್ ಹೊಲಿದುಕೊಡುತ್ತೇನೆ. ಮಷೀನಿನ ಎಣ್ಣೆ ತಾಗಿ ನನ್ನ ಯಾವ ಸೀರೆಯ ಅಂಚೂ ಶುದ್ಧವಾಗಿ ಉಳಿದಿಲ್ಲ. ಸೇಡಂನ ಬೇಸಿಗೆಯಲ್ಲಿ ಒಳಲಂಗ, ಅದರ ಮೇಲೆ ಸೀರೆ ಸುತ್ತಿಕೊಂಡು ಕುಳಿತರೆ ತೊಡೆಯ ಮೇಲೆ ಬೆವರುಸಾಲೆ ಏಳುತ್ತದೆ. ಮಾವನ ಅಕ್ಕ ಹೋದರು, ಆಮೇಲೆ ಮಾವನೂ ಹೋದರು. ಆದರೆ ಸೀರೆಯ ಮಾತನ್ನು ಅತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಇವಳು ಬಂದಳು. ಬಂದು ವಾರವಾಗಿಲ್ಲ, ಹೂವಿನ ಪಲಾಜೊ ಹಾಕಿಕೊಂಡು ಪಡಸಾಲೆಯಲ್ಲಿ ತಿರುಗುತ್ತಾಳೆ.

ಅವಳ ಬಳಿ ಇದ್ದದ್ದು ಒಂದೇ ಅಲ್ಲ. ಕಪಾಟಿನ ಒಂದು ಅರೆಯ ತುಂಬ ಅವೇ. ತಿಳಿನೀಲಿಯ ಮೇಲೆ ಮಲ್ಲಿಗೆಯಂಥ ಬಿಳಿ ಹೂವಿನದು, ಕಪ್ಪಿನ ಮೇಲೆ ಗುಲಾಬಿ ಇದ್ದದ್ದು, ಹಸಿರಿನ ಮೇಲೆ ಯಾವುದೋ ಬಳ್ಳಿ ಹಬ್ಬಿದ್ದು. ಅವುಗಳನ್ನು ಅವಳು ನೋಡಿಕೊಳ್ಳುತ್ತಿದ್ದ ರೀತಿ ಕಂಡರೆ ನನಗೆ ಇನ್ನಷ್ಟು ಉರಿ. ಹೊಸದನ್ನು ಮೊದಲ ಸಲ ಉಪ್ಪು ಕರಗಿಸಿದ ತಣ್ಣೀರಿನಲ್ಲಿ ಬೇರೆಯೇ ನೆನೆಸುತ್ತಿದ್ದಳು. ಒಳಮೈ ಹೊರಗೆ ಮಾಡಿ, ಬ್ರಷ್ ಮುಟ್ಟಿಸದೆ, ಹಿಂಡದೆ, ಅಂಗೈಯಲ್ಲಿ ಒತ್ತಿ ಒತ್ತಿ ತೊಳೆಯುತ್ತಿದ್ದಳು. ನಾವೆಲ್ಲ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವವರು. ಅಲ್ಲಿ ಬಿಸಿಲು ಬಣ್ಣ ತಿನ್ನುತ್ತದೆ, ಮೇಲೆ ಊರಾಚೆಯ ಫ್ಯಾಕ್ಟರಿಯಿಂದ ಸಿಮೆಂಟಿನ ಸಣ್ಣ ದೂಳು ಬಂದು ಕೂರುತ್ತದೆ. ಅವಳು ಮೆಟ್ಟಿಲ ಕೆಳಗಿನ ನೆರಳಿನಲ್ಲಿ ತನಗಾಗಿಯೇ ಒಂದು ಹಗ್ಗ ಕಟ್ಟಿಸಿಕೊಂಡಳು. ಸೊಂಟಪಟ್ಟಿಗೆ ಕ್ಲಿಪ್ಪು ಹಾಕಿ ಇಳಿಬಿಟ್ಟರೆ ಕಾಲುಗಳ ಭಾರಕ್ಕೆ ಸುಕ್ಕು ತಾನಾಗಿ ಬಿಚ್ಚುತ್ತದೆ, ಇಸ್ತ್ರಿ ಬೇಕಾಗುವುದಿಲ್ಲ ಎಂದು ಅತ್ತೆಗೆ ಹೇಳಿಕೊಟ್ಟಳು. ಆ ಹಗ್ಗ ಕಟ್ಟಿದವನು ನನ್ನ ಗಂಡ. ನನ್ನ ಸೀರೆಗಾಗಿ ಗೋಡೆಗೆ ಒಂದು ಮೊಳೆ ಹೊಡೆದವನಲ್ಲ.

ಒಂದು ಸಂಜೆ ನೋಡುತ್ತೇನೆ, ಅತ್ತೆ ಆ ಪಲಾಜೊಗಳನ್ನು ತೊಡೆಯ ಮೇಲೆ ಹರವಿಕೊಂಡು, ಕಾಲಿಗೆ ಕಾಲು ಜೋಡಿಸಿ, ಹೂವಿನ ಮೇಲೆ ಅಂಗೈ ಸವರಿ ಸವರಿ ಮಡಚುತ್ತಿದ್ದಾರೆ. ಪಕ್ಕದಲ್ಲೇ ನನ್ನ ಒಣಗಿದ ಸೀರೆಗಳು ಗುಡ್ಡೆ ಬಿದ್ದಿದ್ದವು.

ಗಿರಾಕಿಗಳೂ ಅವಳ ಕಡೆಗೇ ವಾಲಿದರು. ಒಮ್ಮೆ ಹಿಂದಿನ ಓಣಿಯ ಹೆಂಗಸೊಬ್ಬಳು ಜಂಪರಿಗೆ ಅಳತೆ ಕೊಡಲು ಬಂದಳು. ನಾನು ಅವಳ ಬೆನ್ನಿಗೆ ಟೇಪು ಹಿಡಿದಿದ್ದೆ. ನೆಗೆಣ್ಣಿ ಒಳಗಿನಿಂದ ಚಹಾ ತಂದಿಟ್ಟು ಹೋದಳು.

"ಅಕ್ಕೋರೇ, ನಿಮ್ಮ ನೆಗೆಣ್ಣಿ ಹಾಕ್ಕೊಂಡಿದ್ದು ನೀವೇ ಹೊಲದೀರೇನು?"

"ಇಲ್ಲ. ತವರಮನಿಯಿಂದ ತಂದಾಳ."

"ಹಂಗಾದ್ರ ಅಕಿಗೇ ಕೇಳತೀನಿ ತಡೀರಿ," ಎಂದವಳೇ ನನ್ನ ಟೇಪನ್ನು ಹೆಗಲ ಮೇಲಿಂದ ಸರಿಸಿ ಒಳಗೆ ಹೋದಳು. ಅರ್ಧ ಅಳತೆ ಬರೆದುಕೊಂಡು ನಾನು ಅಲ್ಲೇ ನಿಂತೆ. ಒಳಗಿನಿಂದ ನೆಗೆಣ್ಣಿಯ ಮಾತು ಕೇಳುತ್ತಿತ್ತು. "ಕೆಳಗ ಹೂವು ದೊಡ್ಡವು ಇದ್ರ ಮ್ಯಾಲ ಸಾದಾ ಹಾಕೋರಿ. ಆ ಹೂವಿನಾಗಿನ ಒಂದು ಬಣ್ಣ ಹಿಡದು ಕುರ್ತಿ ತಗೋರಿ. ಉದ್ದ ಕುರ್ತಿ ಹಾಕಿದ್ರ ಪಲಾಜೊ ಕಾಣೋದೇ ಇಲ್ಲ, ಮಂದಿ ಗುಡಾರ ಅಂತಾರ." ಆ ಹೆಂಗಸು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಕೋಣೆಯಲ್ಲಿ ಅವಳು ಎಂದೂ ಹಾಗೆ ನಕ್ಕಿರಲಿಲ್ಲ.

ನೆಗೆಣ್ಣಿ ಕೆಟ್ಟವಳಾಗಿದ್ದರೆ ಸುಲಭವಿತ್ತು. ಅವಳು ಚಹಾ ಕೊಡುವಾಗ ನನ್ನ ಲೋಟವನ್ನೇ ಮೊದಲು ತುಂಬುತ್ತಿದ್ದಳು. "ಅಕ್ಕಾ, ನೀವು ಕುಂದರ್ರಿ, ನಾ ಮಾಡತೀನಿ," ಎಂದು ಕೈಯಿಂದ ಕಸಬರಿಗೆ ಕಸಿದುಕೊಳ್ಳುತ್ತಿದ್ದಳು. ಅದೂ ನನಗೆ ಸೇರುತ್ತಿರಲಿಲ್ಲ. ಅವಳು ಕುಳಿತಾಗ, ಏಳುವಾಗ, ಮೆಟ್ಟಿಲು ಹತ್ತುವಾಗ ನನ್ನ ಕಣ್ಣು ಆ ಬಟ್ಟೆಯ ಮೇಲೇ ಇರುತ್ತಿತ್ತು. ಎಷ್ಟು ಬಟ್ಟೆ ಹಿಡಿದಿದೆ, ಸೊಂಟಕ್ಕೆ ಎಲಾಸ್ಟಿಕ್ ಎಷ್ಟಗಲ, ಕೂರುವ ಜಾಗದಲ್ಲಿ ಎಷ್ಟು ಸಡಿಲ ಬಿಟ್ಟಿದ್ದಾರೆ, ಎಲ್ಲವನ್ನೂ ಕಣ್ಣಿನಿಂದಲೇ ಬಿಚ್ಚಿ ನೋಡುತ್ತಿದ್ದೆ.

ಆ ಸಲ ಪಂಚಮಿಗೆ ಸುಲೇಪೇಟಕ್ಕೆ ಹೋದಾಗ ತಂಗಿಯ ಕಪಾಟಿನಲ್ಲೂ ಒಂದು ಪಲಾಜೊ ಸಿಕ್ಕಿತು. ಕಪ್ಪು ಬಟ್ಟೆಯ ಮೇಲೆ ಸಣ್ಣ ಸಣ್ಣ ನೀಲಿ ಹೂವು. ನಾನು ಕೇಳಲಿಲ್ಲ, ಬಾಗಿಲು ಹಾಕಿಕೊಂಡು ಹಾಕಿಯೇಬಿಟ್ಟೆ. ಮೇಲೆ ಅವಳದೇ ಒಂದು ಉದ್ದ ಕುರ್ತಿ. ಹೊರಗೆ ಬಂದಾಗ ತಂಗಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಕ್ಕಾ, ನೀನಾ ಇದು? ನಡಿ, ಡ್ಯಾಮಿಗೆ ಹೋಗಿ ಬರೋಣು."

ಸ್ಕೂಟಿಯ ಹಿಂದೆ ಕುಳಿತೆ. ಎರಡು ಕಡೆಗೂ ಕಾಲು ಹಾಕಿ. ಸೀರೆ ಉಟ್ಟು ಗಂಡನ ಗಾಡಿಯ ಮೇಲೆ ಒಂದೇ ಕಡೆಗೆ ತಿರುಗಿ ಕುಳಿತು ಕುಳಿತು, ಹೀಗೆ ಕೂರಬಹುದು ಎಂಬುದನ್ನೇ ಮರೆತಿದ್ದೆ. ಚಂದ್ರಂಪಳ್ಳಿ ಡ್ಯಾಮಿನ ಏರಿಯ ಮೇಲೆ ಗಾಳಿ ಜೋರಾಗಿತ್ತು. ಆಚೆ ಕಾಡು ಹಸಿರಾಗಿತ್ತು, ನೀರು ದಡದ ಕಲ್ಲಿಗೆ ಬಂದು ತಟ್ಟುತ್ತಿತ್ತು. ಗಾಳಿ ಪಲಾಜೊದೊಳಗೆ ಹೊಕ್ಕು ಎರಡೂ ಕಾಲು ಉಬ್ಬಿದವು. ನಾನು ದೊಡ್ಡ ದೊಡ್ಡ ಹೆಜ್ಜೆ ಹಾಕಿ ಏರಿಯುದ್ದಕ್ಕೂ ನಡೆದೆ. ಯಾರೂ ನಿಲ್ಲಿಸಲಿಲ್ಲ. ಕಾಲಿಗೆ ಗಾಳಿ ತಾಗುವುದೆಂದರೆ ಇದು ಎಂದು ಖುಷಿಯಾಯಿತು. ಅದರ ಹಿಂದೆಯೇ, ಇದನ್ನು ನೆಗೆಣ್ಣಿ ದಿನಾ ಅನುಭವಿಸುತ್ತಾಳಲ್ಲ ಎಂದು ನೆನಪಾಯಿತು. ಇಳಿಯುವಾಗ ಬಳ್ಳಾರಿಜಾಲಿಯ ಮುಳ್ಳಿಗೆ ಅಂಚು ಸಿಕ್ಕಿ ಬೆರಳುದ್ದ ಹರಿಯಿತು. ಮನೆಗೆ ಬಂದು, ಒಳಹೊಲಿಗೆಯಿಂದ ಅದೇ ಬಣ್ಣದ ಎಳೆ ತೆಗೆದು ಗುರುತು ಸಿಗದಂತೆ ಕೂಡಿಸಿಕೊಟ್ಟೆ.

ತಂಗಿ ಆ ಏರಿಯ ಮೇಲೆ ನನ್ನ ಫೋಟೋ ತೆಗೆದು ತನ್ನ ಸ್ಟೇಟಸ್ಸಿಗೆ ಹಾಕಿದ್ದಳು. ನನಗೆ ಗೊತ್ತಿರಲಿಲ್ಲ. ಸೇಡಂಗೆ ಮರಳಿದಾಗ ನೆಗೆಣ್ಣಿ ಬಾಗಿಲಲ್ಲೇ ಹಿಡಿದಳು.

"ಅಕ್ಕಾ, ಫೋಟೋದಾಗ ಭಾಳ ಚೆಂದ ಕಾಣತಿದ್ರಿ! ಆದ್ರ ಆ ಉದ್ದ ಕುರ್ತಿ ಹಾಕಬಾರದಿತ್ತು. ನಿಮ್ಮ ಎತ್ತರಕ್ಕ ಗಿಡ್ಡಂದು ಒಪ್ಪತದ."

"ಯಾರ್ಯಾರಿಗೆ ತೋರಿಸಿದಿ?"

"ಅತ್ತಿಗೆ ತೋರಿಸಿದೆ," ಎಂದಳು, ಏನೂ ಆಗಿಲ್ಲವೆಂಬಂತೆ.

ಚೀಲ ಕೆಳಗಿಟ್ಟು ಅತ್ತೆಯ ಮುಂದೆ ಹೋಗಿ ನಿಂತೆ. ಬೈದರೆ ಬೈಯಲಿ, ಹೊಗಳಿದರೆ ಹೊಗಳಲಿ, ಏನೋ ಒಂದು ಬರಲಿ ಎಂದು. ಅತ್ತೆ ನನ್ನ ಮುಖ ನೋಡಿದರು. "ಡ್ಯಾಮಿನಾಗ ನೀರು ಭಾಳ ಬಂದಾವೇನು?" ಎಂದು ಕೇಳಿದರು.

"ಬಂದಾವ್ರಿ."

"ಚಲೋ ಆತು."

ಅಷ್ಟೇ. ಅವಳ ಹೂವಿಗೆ ಎಷ್ಟೊಂದು ಮಾತು, ನನ್ನದಕ್ಕೆ ಒಂದೂ ಇಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ದೀಪಾವಳಿ ಕಳೆದ ಮೇಲೆ ಅತ್ತೆ ಬಚ್ಚಲ ಮುಂದಿನ ಒದ್ದೆ ಫರಸಿ ಕಲ್ಲಿನ ಮೇಲೆ ಕಾಲು ಜಾರಿ ಬಿದ್ದರು. ಮೊಣಕಾಲಿನ ಚಿಪ್ಪು ಒಡೆದಿತ್ತು. ಕಲಬುರಗಿಯಲ್ಲಿ ಆಪರೇಷನ್ ಆಯಿತು. ದವಾಖಾನೆಯಲ್ಲಿ ಅವರ ಬಳಿ ಉಳಿದವಳು ನಾನು. ಮನೆಗೆ ಕರೆತಂದ ಮೇಲೂ ಮೈ ಒರೆಸುವುದು, ಸಂಡಾಸಿಗೆ ಹಿಡಿದುಕೊಂಡು ಹೋಗುವುದು, ಗುಳಿಗೆ ಕೊಡುವುದು ಎಲ್ಲವೂ ನನ್ನ ಪಾಲಿನದು. ಅದರಲ್ಲಿ ನನಗೆ ಒಂದು ಸಮಾಧಾನವೂ ಇತ್ತು. ಈಗ ಅತ್ತೆ ಪೂರ್ತಿ ನನ್ನ ಕೈಯಲ್ಲಿದ್ದಾರೆ ಎನ್ನುವ ಸಮಾಧಾನ.

ಕಷ್ಟವಾದದ್ದು ಸೀರೆ. ಕಾಲಿಗೆ ವ್ಯಾಯಾಮ ಮಾಡಿಸಲು ಒಬ್ಬರು ಬರುತ್ತಿದ್ದರು, ಗಂಡಸು. ಪಟ್ಟಿ ಬಿಚ್ಚಿ ಮೊಣಕಾಲು ನೋಡಬೇಕಾದರೆ ಸೀರೆ, ಒಳಲಂಗ ಎರಡನ್ನೂ ಮೇಲೆತ್ತಬೇಕು. ಅತ್ತೆ ನಾಚಿಕೆಯಿಂದ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು, ಕಾಲು ಬಿಗಿಹಿಡಿಯುತ್ತಿದ್ದರು. "ಹಿಂಗ ಬಿಗಿ ಹಿಡದ್ರ ಕಾಲು ಮಡಚೋದು ಹೆಂಗ್ರಿ ಅವ್ವಾ? ಏನರೆ ಸಡಲ ಬಟ್ಟಿ ಹಾಕ್ಕೋರಿ," ಎಂದು ಅವರು ಹೇಳಿಹೋದರು.

ಸಡಿಲ ಬಟ್ಟೆ ಎಂದಾಗಲೇ ನನಗೆ ಹೊಳೆದಿತ್ತು. ಪಲಾಜೊ ಹಾಕಿದರೆ ಒಂದೇ ಕಾಲನ್ನು ತೊಡೆಯವರೆಗೆ ಸುಲಭವಾಗಿ ಸರಿಸಬಹುದು, ಇನ್ನೊಂದು ಕಾಲು ಮುಚ್ಚಿಯೇ ಇರುತ್ತದೆ. ಹೊಲಿಗೆ ಮಾಡುವವಳಿಗೆ ಇದು ಹೊಳೆಯದೇ ಇರುತ್ತದೆಯೇ? ಮಾತು ನಾಲಿಗೆಯ ತುದಿಗೆ ಬಂತು. ಆದರೆ ಈ ಮನೆಯಲ್ಲಿ ಸೀರೆ ಬಿಟ್ಟು ಬೇರೆಯದನ್ನು ಹಾಕಿ ಎಂದು ಅತ್ತೆಗೆ ನಾನು ಹೇಳುವುದೇ? ಇವತ್ತು ಬೇಡ, ನಾಳೆ ಹೇಳೋಣ ಎಂದು ಮುಂದೂಡಿದೆ.

ಮರುದಿನ ಔಷಧಿ ತರಲು ಪೇಟೆಗೆ ಹೋಗಿ ಬಂದೆ. ಅತ್ತೆ ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದರು. ಮೈಮೇಲೆ ಮಾವನ ಹಳೆಯ ಬಿಳಿ ಅಂಗಿ. ಕೆಳಗೆ ಸಾಸಿವೆ ಹಳದಿ ಬಟ್ಟೆ, ಅಂಗೈಯಗಲದ ಕೆಂಪು ಹೂವು. ನೆಗೆಣ್ಣಿ ಅವರ ಕಾಲಬಳಿ ಕುಳಿತು ಅಂಚು ಸರಿಮಾಡುತ್ತಿದ್ದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

"ನೋಡು, ನಿನ್ನ ನೆಗೆಣ್ಣಿ ನನಗ ಏನು ಮಾಡಿಟ್ಟಾಳ!" ಎಂದರು ಅತ್ತೆ.

"ನಾ ಅಂದೆ, ಅತ್ತಿ, ಇದ ಹಾಕೋರಿ, ಯಾರೇನು ಅಂತಾರ ಅಂತ," ಎಂದಳು ಅವಳು.

ಅಷ್ಟೇ ಸಾಕಾಗಿತ್ತು. ಒಂದು ಮಾತು ಅಂದಳು, ಅವರು ಹಾಕಿಕೊಂಡರು. ನಾನು ರಾತ್ರಿಹಗಲು ಎತ್ತಿ ಇಳಿಸಿದ ಕಾಲಿಗೆ ಅವಳ ಬಟ್ಟೆ. ಔಷಧಿಯ ಚೀಲವನ್ನು ಗೂಡಿನಲ್ಲಿಟ್ಟು ಹೊಲಿಗೆ ಕೋಣೆಗೆ ಹೋಗಿ ಕುಳಿತೆ. ಅವಳು ಹಾಕಿಕೊಂಡದ್ದಕ್ಕೆ ಆದ ಹೊಟ್ಟೆಯುರಿ ಇದರ ಮುಂದೆ ಏನೂ ಅಲ್ಲ. ನನಗೆ ಗೊತ್ತಿದ್ದದ್ದನ್ನೇ ಅವಳು ಹೇಳಿದ್ದಳು. ಹೇಳುವ ಬಾಯಿ ಅವಳಿಗಿತ್ತು.

ಆ ಪಲಾಜೊ ಅತ್ತೆಗೆ ಸರಿಹೋಗುವಂಥದ್ದಾಗಿರಲಿಲ್ಲ. ವಾಕರ್ ಹಿಡಿದು ಎದ್ದಾಗ ಉದ್ದದ ಅಂಚು ಪಾದದ ಕೆಳಗೆ ಸಿಕ್ಕಿತು. ರೇಯಾನ್ ಬಟ್ಟೆ ಚಾದರದ ಮೇಲೆ ಜಾರುತ್ತಿತ್ತು. ಎಲಾಸ್ಟಿಕ್ ಹೊಟ್ಟೆಗೆ ಬಿಗಿಯಾಗಿ ಕೆಂಪು ಗೀರು ಮೂಡಿತ್ತು. ನಾನು ನೋಡಿದೆ. ಈ ಸಲ ಮುಂದೂಡಲಿಲ್ಲ. ಪೇಟೆಗೆ ಹೋಗಿ ತೆಳು ಕಾಟನ್ ಬಟ್ಟೆ ತಂದೆ. ಕಡುನೇರಳೆಯ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಹೂವು. ತೊಳೆದ ಮೇಲೆ ಕುಗ್ಗಬಾರದೆಂದು ಮೊದಲೇ ನೀರಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿದೆ. ಸೊಂಟಕ್ಕೆ ಎಲಾಸ್ಟಿಕ್ ಬಿಟ್ಟು ಮೆತ್ತನೆಯ ಲಾಡಿ ಹಾಕಿದೆ. ಅಂಚು ಕಾಲುಗಂಟಿಗಿಂತ ಮೇಲೆಯೇ ನಿಲ್ಲುವಂತೆ ಅಳತೆ ಹಿಡಿದೆ. ನೋವಿನ ಕಾಲಿನ ಪಕ್ಕದ ಹೊಲಿಗೆಯನ್ನು ತೊಡೆಯವರೆಗೆ ತೆರೆದಿಟ್ಟು, ಒತ್ತಿದರೆ ಕೂಡುವ ಟಿಚ್ ಬಟನ್ ಕೂಡಿಸಿದೆ. ಪಟ್ಟಿ ಬಿಚ್ಚಬೇಕಾದರೆ ಬಟನ್ ತೆಗೆದರಾಯಿತು.

ಅತ್ತೆಗೆ ಅದನ್ನು ಹಾಕಿದೆ. ಅವರು ಲಾಡಿ ಕಟ್ಟಿಕೊಂಡರು. ಬಟನ್ನುಗಳನ್ನು ಒಂದೊಂದಾಗಿ ತಾವೇ ಬಿಚ್ಚಿ, ತಾವೇ ಹಾಕಿ ನೋಡಿದರು. ವಾಕರ್ ಹಿಡಿದು ಬಾಗಿಲವರೆಗೆ ಹೋಗಿ ತಿರುಗಿ ಬಂದರು.

"ಇದು ನಂದು," ಎಂದರು. "ಆ ಹಳದಿದ್ದು ಅಕಿಗೆ ತೊಳದು ಕೊಟ್ಟುಬಿಡು."

ಸಣ್ಣ ಮಾತು. ಆದರೆ ಅದನ್ನು ಕೇಳಿ ನಾನು ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕೆ. ಹಳದಿಯದನ್ನು ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ, ಅವಳು ತೊಳೆಯುವಂತೆಯೇ ತೊಳೆದು ಅವಳ ಹಗ್ಗಕ್ಕೇ ಹಾಕಿದೆ.

ಕೆಲವು ದಿನಗಳಲ್ಲಿ ಅತ್ತೆ ಸಂಜೆ ಹೊರಗಿನ ಕಟ್ಟೆಯ ಮೇಲೆ ಕೂರತೊಡಗಿದರು. ಎದುರುಮನೆಯ ಹೆಂಗಸು ಅವರನ್ನು ನೋಡಿ ಛೇಡಿಸಿದಳು: "ಏನ್ರಿ ಅವ್ವಾ, ಈ ವಯಸಿನಾಗ ಹುಡಗೀರಾಗೀರಲ್ಲ!"

"ಕಾಲು ಮುರದದ ಅಂತ ಹಾಕ್ಕೊಂಡೀನಿ. ಕಾಲು ನೆಟ್ಟಗಾದ ಮ್ಯಾಲೂ ಬಿಡಂಗಿಲ್ಲ," ಎಂದರು ಅತ್ತೆ. "ದೊಡ್ಡ ಸೊಸಿ ಹೊಲದಾಳ."

ಆ ಧೈರ್ಯದ ಮೇಲೆ ಮರುದಿನ ಮಧ್ಯಾಹ್ನ, ಅವರ ತಲೆ ಬಾಚುತ್ತ ಕೇಳಿಯೇಬಿಟ್ಟೆ.

"ಅತ್ತಿ, ನನಗ ಚೂಡಿದಾರ ಹಾಕಬ್ಯಾಡ ಅಂದ್ರಿ. ಅಕಿಗ್ಯಾಕ ಏನೂ ಅನಲಿಲ್ಲ?"

ನಾನು ಜಡೆ ಹಾಕಿ ಮುಗಿಸಿದ ಮೇಲೆ ಅವರು ನನ್ನ ಕಡೆ ತಿರುಗಿದರು.

"ನೀ ಬಂದಾಗ ನನಗೇ ಧೈರ್ಯ ಇರಲಿಲ್ಲವ. ನಿಮ್ಮ ಮಾವನ ಅಕ್ಕ ನನಗ ಹೇಳೋರು, ನಾ ನಿನಗ ಹೇಳದೆ. ಅಕಿ ಲಗ್ನದ ಮೊದಲ ಫೋನ್ ಮಾಡಿ ಕೇಳಿದಳು, ಅತ್ತಿ, ನಾ ಪಲಾಜೊ ಹಾಕತೀನಿ, ನಡೀತದೇನ್ರಿ ಅಂತ. ಬ್ಯಾಡ ಅನ್ನಲಿಕ್ಕ ಮನ್ಯಾಗ ಯಾರು ಉಳದಾರ? ನಡೀತದ ಅಂದೆ."

"ಅವರೆಲ್ಲ ಹೋದ ಮ್ಯಾಲೆ ನನಗ ಹೇಳಬಹುದಿತ್ತಲ್ರಿ."

"ನೀ ಕೇಳಲೇ ಇಲ್ಲ. ಸೀರಿನೇ ನಿನಗ ಸೇರತದ ಅಂದ್ಕೊಂಡೆ," ಎಂದರು. ಆಮೇಲೆ ನನ್ನ ಕೈ ಹಿಡಿದು, "ಆ ಫೋಟೋ ನೋಡಿದಾಗ ಗೊತ್ತಾತು. ಏನಂತ ಅನಬೇಕು ತಿಳೀಲಿಲ್ಲ. ಅದಕ್ಕ ನೀರಿನ ಸುದ್ದಿ ಕೇಳದೆ," ಎಂದರು.

ಇದನ್ನು ಕೇಳಿ ನನ್ನ ಮನಸ್ಸು ಹಗುರವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಇನ್ನಷ್ಟು ಉರಿಯಿತು. ಒಂದು ಫೋನಿನಲ್ಲಿ ಮುಗಿಯುವ ಮಾತಿಗೆ ನನ್ನ ಹರೆಯದ ಎಲ್ಲ ಬೇಸಿಗೆಗಳನ್ನೂ ಕೊಟ್ಟಿದ್ದೆ. ಆದರೂ ಅಂದಿನಿಂದ ಅತ್ತೆಯ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ.

ಆ ವಾರವೇ ನನಗೂ ಒಂದು ಹೊಲಿದುಕೊಂಡೆ. ನವಿಲುನೀಲಿಯ ಮೇಲೆ ಕೇಸರಿ ಹೂವು. ಚಿತ್ತಾಪುರದಲ್ಲಿ ಸಂಬಂಧಿಕರ ಮಗುವಿನ ತೊಟ್ಟಿಲ ಕಾರ್ಯಕ್ರಮವಿತ್ತು. ಅದನ್ನು ಹಾಕಿಕೊಂಡು ಹೊರಟಾಗ ನೆಗೆಣ್ಣಿ ಬಾಗಿಲಿಗೆ ಅಡ್ಡ ನಿಂತಳು. "ಅಕ್ಕಾ, ಆ ಕುರ್ತಿ ತೆಗೀರಿ," ಎಂದು ತನ್ನ ಕಪಾಟಿನಿಂದ ಕೇಸರಿಯ ಸಾದಾ ಗಿಡ್ಡ ಕುರ್ತಿ ತಂದಳು. ಕಿವಿಗೆ ದೊಡ್ಡ ಝುಮಕಿ ತಾನೇ ಸಿಕ್ಕಿಸಿದಳು, ಕೊರಳಿನ ಸರವನ್ನು ಒಳಗೆ ಸೇರಿಸಿದಳು. ಕನ್ನಡಿಯಲ್ಲಿ ನೋಡಿದರೆ ಅವಳು ಹೇಳಿದ್ದೇ ಸರಿ. ಅದಕ್ಕೂ ಸಿಟ್ಟು ಬಂತು. ಚಿತ್ತಾಪುರದಲ್ಲಿ ಚಿಕ್ಕತ್ತೆಯೊಬ್ಬರು ನನ್ನನ್ನು ಸುತ್ತಿ ನೋಡಿ, "ಭಾಳ ಚೆಂದ ಅದ," ಎಂದರು. ನಾನು ಅರಳುವಷ್ಟರಲ್ಲಿ ನೆಗೆಣ್ಣಿಯ ಕಡೆ ತಿರುಗಿ, "ನೀ ಬಂದ ಮ್ಯಾಲೇ ಅಕಿ ಕಲತಾಳ ನೋಡು," ಎಂದು ಅವಳ ಗಲ್ಲ ಹಿಡಿದರು.

ಬರುವಾಗ ರೈಲಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಮೆಲ್ಲನೆ, "ಅಕ್ಕಾ, ನೀವು ಅತ್ತಿಗೆ ಹೊಲದು ಕೊಟ್ರಿ, ನಿಮಗ ಹೊಲಕೊಂಡ್ರಿ. ನನಗ ಒಂದೂ ಹೊಲದಿಲ್ಲ," ಎಂದಳು.

"ನಿನ್ನ ಹಂತೇಲಿ ಕಪಾಟು ತುಂಬ ಅವ."

"ಅವು ಅಂಗಡಿವು. ನಿಮ್ಮ ಕೈಯಾಗಿಂದು ಬೇಕು ನನಗ." ಆಮೇಲೆ ನಗದೆ ಹೇಳಿದಳು: "ಅತ್ತಿ ದಿನಾ ನಿಮ್ಮ ಸುದ್ದಿನೇ ಮಾತಾಡತಾರ. ಅಕ್ಕನ ಹಂಗ ರೊಟ್ಟಿ ತೆಳ್ಳಗ ಬಡಿ, ಅಕ್ಕನ ಹಂಗ ಲೆಕ್ಕಾಚಾರದಿಂದ ಇರು. ಕಾಲು ಮುರದಾಗ ನಾ ಹಿಡೀತೀನಿ ಅಂದ್ರ, ಬ್ಯಾಡ, ಅಕಿ ಬರಲಿ ಅಂದ್ರು. ನನಗ ಎಷ್ಟು ಹೊಟ್ಟಿ ಉರದದ ಗೊತ್ತೇನ್ರಿ?"

ನಾನು ಅವಳ ಕಡೆ ತಿರುಗಿದೆ. ಅವಳ ಕಣ್ಣು ತುಂಬಿತ್ತು. ನನಗೆ ಪಾಪ ಅನ್ನಿಸಬೇಕಿತ್ತು, ಅನ್ನಿಸಿತು ಕೂಡ. ಆದರೆ ಅದಕ್ಕಿಂತ ಮೊದಲು ಬಂದದ್ದು ಖುಷಿ. ನನ್ನ ಮೇಲೂ ಒಬ್ಬರು ಹೊಟ್ಟೆ ಉರಿದುಕೊಂಡಿದ್ದಾರೆ!

"ಯಾವ ಬಣ್ಣದ್ದು ಬೇಕು?" ಎಂದು ಕೇಳಿದೆ.

ಮೈದುನ ರೈಲ್ವೆಯಲ್ಲಿದ್ದಾನೆ. ಅವನಿಗೆ ವಾಡಿಯಲ್ಲಿ ಕ್ವಾರ್ಟರ್ಸ್ ಸಿಕ್ಕು ಇಬ್ಬರೂ ಅಲ್ಲಿಗೆ ಹೋದರು. ಇನ್ನು ಮನೆಯೂ ಅತ್ತೆಯೂ ನನ್ನವರೇ ಎಂದು ನಿರಾಳವಾಗುವಷ್ಟರಲ್ಲಿ ನೆಗೆಣ್ಣಿ ಬಸುರಿಯಾದ ಸುದ್ದಿ ಬಂತು. ವಾಂತಿ ಜಾಸ್ತಿ, ಅನ್ನ ಸೇರುತ್ತಿಲ್ಲ. ಅವಳಿಗೆ ತಾಯಿ ಇಲ್ಲ. ಅತ್ತೆ ತಾವಾಗಿಯೇ, "ನಾ ಹೋಗಿ ಇರತೀನಿ," ಎಂದರು. ಕಾಲು ಈಗ ಚೆನ್ನಾಗಿ ಮಡಚುತ್ತದೆ. ಕಡುನೇರಳೆಯದರ ಜೊತೆಗೆ ನಾನು ಇನ್ನೊಂದು ಹೊಲಿದುಕೊಟ್ಟಿದ್ದೆ. ಎರಡನ್ನೂ ಚೀಲದಲ್ಲಿ ಇಟ್ಟುಕೊಂಡರು. ಸೇಡಂ ಸ್ಟೇಷನ್ನಿನಲ್ಲಿ ಹತ್ತಿಸಿ ಬಂದೆ.

ಈಗ ಮಧ್ಯಾಹ್ನ ನಾನೇ ಫೋನ್ ಮಾಡುತ್ತೇನೆ. ಕ್ವಾರ್ಟರ್ಸಿನ ಹೆಂಗಸರು ಅತ್ತೆಯ ಬಟ್ಟೆ ನೋಡಿ ಹೊಲಿದವರು ಯಾರೆಂದು ಕೇಳುತ್ತಾರಂತೆ. ಇಬ್ಬರು ನನಗೆ ಹೊಲಿಯಲು ಬಟ್ಟೆ ಕಳಿಸಿದ್ದಾರೆ. ಸಂಜೆ ಅತ್ತೆ ಸೊಸೆ ಇಬ್ಬರೂ ಪಲಾಜೊ ಹಾಕಿಕೊಂಡು ಮನೆಯ ಮುಂದಿನ ರಸ್ತೆಯಲ್ಲಿ ಮೆಲ್ಲಗೆ ಅಡ್ಡಾಡುತ್ತಾರಂತೆ. ಅದನ್ನು ಅತ್ತೆ ಖುಷಿಯಿಂದ ಹೇಳುವಾಗ ನಾನು ನಡುವೆಯೇ ಮಾತು ತಿರುಗಿಸುತ್ತೇನೆ, ಈಗಲೂ.

"ಯಾವಾಗ ಬರತೀರಿ ಅತ್ತಿ?"

"ಕೂಸಾಗಲಿ ತಡಿಯವ. ನೀನೇ ಒಮ್ಮೆ ಬಾ."

ಭಾನುವಾರ ಹೋಗುತ್ತಿದ್ದೇನೆ. ನೆಗೆಣ್ಣಿ ಅಂದು ರೈಲಿನಲ್ಲಿ ಕೇಳಿದ್ದನ್ನು ಕೊನೆಗೂ ಹೊಲಿದಿಟ್ಟಿದ್ದೇನೆ, ತಿಳಿಗುಲಾಬಿಯ ಮೇಲೆ ಹಸಿರು ಎಲೆ, ಬಿಳಿ ಹೂವು. ಹೊಟ್ಟೆ ಬೆಳೆದಂತೆ ಬಿಚ್ಚಿಕೊಳ್ಳಲೆಂದು ಸೊಂಟದಲ್ಲಿ ಮಡಿಕೆ ಹೆಚ್ಚು ಬಿಟ್ಟು ಉದ್ದ ಲಾಡಿ ಹಾಕಿದ್ದೇನೆ.